ಬಾಯಮ್ಮ ಹೇಳಿದ ಸುದ್ದಿ

ಫೋನ್ ಎತ್ತುವ ಮೊದಲು ಬಾಯಮ್ಮ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಕಡುಗೆಂಪು ಬಣ್ಣ, ರಿಸೀವರಿನ ತೂತುಗಳ ಮೇಲೆಲ್ಲ ಅದರ ಗುರುತು. "ಮಾತಾಡುವ ಬಾಯಿ ಚಂದ ಇರಬೇಕಲ್ಲ ಮಾರಾಯ್ತಿ," ಎನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನಾನು ದೋಹಾಕ್ಕೆ ಬಂದಾಗ ಅಲ್ ಅಜೀಜಿಯಾದ ಆ ಕಟ್ಟಡದಲ್ಲಿ ನಮ್ಮ ಕಡೆಯವರೆಂದರೆ ಮೇಲಿನ ಮಹಡಿಯ ಅವರ ಮನೆಯೊಂದೇ. ಉಡುಪಿ ಕಡೆಯ ಕ್ಯಾಥೊಲಿಕರು. ಗಂಡ ವೆಸ್ಟ್ ಬೇಯಲ್ಲಿ ಅಕೌಂಟೆಂಟ್, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ಊರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನಾನು ಬಾಯಮ್ಮ ಎಂದೆ. ಅದೇ ನಿಂತಿತು.

ಗಂಡಸರು ಆಫೀಸಿಗೆ ಹೋದಮೇಲೆ ಅವರ ಕೆಲಸ ಶುರು. ಯಾವ ಮಾಲಿನಲ್ಲಿ ಯಾವ ಅಂಗಡಿ ತೆರೆಯಿತು, ಸೇಲ್ ನಿಜವೋ ಬೆಲೆ ಏರಿಸಿ ಇಳಿಸಿದ್ದೋ, ವೆಸ್ಟ್ ಬೇಯ ಯಾವ ಹೋಟೆಲಿನಲ್ಲಿ ಗುರುವಾರ ಸಂಜೆ ಗೋವಾದ ಬ್ಯಾಂಡ್ ಹಾಡುತ್ತದೆ, ಅಲ್ಲಿ ಯಾರು ಯಾರ ಜೊತೆ ಕುಣಿದರು, ಎಲ್ಲವೂ ಅವರ ಬಾಯಿಂದ ಹೊರಟು ಊಟದ ಹೊತ್ತಿಗೆ ನಮ್ಮವರ ಮನೆಮನೆ ತಲುಪುತ್ತಿತ್ತು. ದೋಹಾ ಬದಲಾಗುತ್ತಿದ್ದ ವೇಗಕ್ಕೆ ಅಂಥವರೊಬ್ಬರು ಬೇಕೂ ಇತ್ತು. ಹೋದ ತಿಂಗಳು ಶವರ್ಮಾ ತಿಂದ ಕಡೆ ಈ ತಿಂಗಳು ತಗಡಿನ ಬೇಲಿ, ಒಳಗೆ ಕ್ರೇನು. ಹಳೆಯ ಪೇಟೆ ಸೂಕ್ ವಾಕಿಫನ್ನೂ ಮೊದಲಿನ ಹಾಗೆಯೇ ಹೊಸದಾಗಿ ಕಟ್ಟುತ್ತಿದ್ದರು. ಕಿಟಕಿ ನೋಡುತ್ತ ಕೂತಿರುತ್ತಿದ್ದ ನನ್ನನ್ನು "ಯಲ್ಲಾ, ಹೊರಡು, ಚಪ್ಪಲಿ ಹಾಕು," ಎಂದು ಎಬ್ಬಿಸಿ ಇದನ್ನೆಲ್ಲ ತೋರಿಸಿದವರು ಅವರು. ಇಲ್ಲದಿದ್ದರೆ ಮೊದಲ ವರ್ಷವೇ ನಾನು ಊರಿಗೆ ಮರಳುತ್ತಿದ್ದೆ.

ನಡೆದು ಹೋಗುವಷ್ಟು ಹತ್ತಿರದಲ್ಲಿ ಕುಂದಾಪುರದ ಗಂಡಹೆಂಡತಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಅಡುಗೆ ಆಕೆಯದು, ಗಲ್ಲಾ ಆತನದು. ಶುಕ್ರವಾರ ಮಧ್ಯಾಹ್ನದ ಮೀನೂಟಕ್ಕೆ ಜನ ಹೊರಗೆ ಕಾಯುತ್ತಿದ್ದರು. ಒಮ್ಮೆ ಅಲ್ಲಿ ಉಂಡ ಮಗುವೊಂದು ಮನೆಗೆ ಬಂದು ವಾಂತಿ ಮಾಡಿತೆಂದು ಬಾಯಮ್ಮನಿಗೆ ಯಾರೋ ಹೇಳಿದರು. ಅವರು ಫೋನ್ ಎತ್ತಿದರು. ಅವರ ಬಾಯಲ್ಲಿ ಅದು "ಹಳೇ ಮೀನು" ಆಯಿತು. ಮುಂದಿನ ಶುಕ್ರವಾರ ಹೋಟೆಲಿನ ಹೊರಗೆ ಯಾರೂ ಇರಲಿಲ್ಲ. ಅದರ ಮುಂದಿನ ಶುಕ್ರವಾರ ಒಳಗೂ ಇರಲಿಲ್ಲ.

ಆಮೇಲೊಂದು ದಿನ ಬಾಯಮ್ಮ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬರುವಾಗ ಆ ಮಗುವಿನ ತಾಯಿಯೇ ಸಿಕ್ಕಿದಳು. ಕ್ಲಾಸಿನ ಮಕ್ಕಳಿಗೆಲ್ಲ ಅದೇ ವಾಂತಿಜ್ವರ ಬಂದಿತ್ತು, ಮಗು ಅವತ್ತು ಮೀನು ಮುಟ್ಟಿಯೇ ಇರಲಿಲ್ಲ ಎಂದಳು. ಬಾಯಮ್ಮ ನೇರ ನಮ್ಮ ಬಾಗಿಲಿಗೆ ಬಂದರು. "ನೀನು ನನ್ನ ಜೊತೆ ಬಾ. ಒಬ್ಬಳೇ ಹೋಗ್ಲಿಕ್ಕೆ ಕಾಲು ಬರುದಿಲ್ಲ."

ಹೋಟೆಲಿನ ಯಜಮಾನರು ಖಾಲಿ ಮೇಜು ಒರೆಸುತ್ತಿದ್ದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಹಳೇ ಮೀನು ಅಂತ ಹೇಳಿದ್ದು ನಾನು," ಎಂದರು ಬಾಯಮ್ಮ. "ಅದು ಸುಳ್ಳು ಅಂತ ಇವತ್ತು ಗೊತ್ತಾಯ್ತು. ಬೈಯುವುದಿದ್ರೆ ಬೈಯಿರಿ."

"ಒಬ್ಬ ಕೆಲ್ಸದವನನ್ನ ಊರಿಗೆ ಕಳ್ಸಿ ಆಯ್ತ್," ಎಂದರು ಯಜಮಾನರು. "ಹೀಂಗೇ ಇದ್ರೆ ನಾವೂ ಖಲಾಸ್."

ಬಾಗಿಲಲ್ಲಿದ್ದ ಆಕೆ, "ಊಟ ಮಾಡ್ತ್ರಿಯಾ?" ಎಂದು ಕೇಳಿದರು. ಆಕೆಯೇ ಬಡಿಸಿ ತಂದರು. ನಾವಿಬ್ಬರೂ ಕೂತು ಉಂಡೆವು.

ಮರುದಿನದಿಂದ ಬಾಯಮ್ಮ ತಾವು ಹೇಳಿದ್ದವರಿಗೆಲ್ಲ ಮತ್ತೆ ಫೋನ್ ಮಾಡಿದರು. "ಸುಳ್ಳು ಹೇಳಿದಾಗ 'ಮತ್ತೆ ಎಂತಾಯ್ತು, ಮತ್ತೆ ಎಂತಾಯ್ತು' ಅಂತ ಕೇಳಿದ್ರು. ನಿಜ ಹೇಳಿದ್ರೆ 'ಹೌದಾ' ಅಂತ ಫೋನ್ ಇಡ್ತಾರೆ ಮಾರಾಯ್ತಿ." ಫೋನು ಸಾಲದೆಂದು ತಿಳಿದ ಮೇಲೆ ಪ್ರತಿ ಶುಕ್ರವಾರ ಹೋಟೆಲಿನ ಗಾಜಿನ ಪಕ್ಕ, ರಸ್ತೆಗೆ ಕಾಣುವ ಹಾಗೆ ಕೂತು ಮೀನೂಟ ಮಾಡತೊಡಗಿದರು. ಅವರ ಗಂಡ ಬೇಸತ್ತು ಮನೆಯಲ್ಲುಳಿದರೆ ನಾನು ಜೊತೆಗೆ ಹೋಗುತ್ತಿದ್ದೆ. ಪರಿಚಯದವರು ಕಂಡರೆ ಎದ್ದು ಹೋಗಿ ಕರೆಯುತ್ತಿದ್ದರು: "ಬನ್ನಿ, ನಾನು ತಿಂದು ಜೀವಂತ ಇದ್ದೇನಲ್ಲ."

ಈಗ ಅವರ ಬಗ್ಗೆಯೇ ಸುದ್ದಿ ಹುಟ್ಟಿತು, ಹೋಟೆಲಿನವರು ಪುಕ್ಕಟೆ ಊಟ ಹಾಕುತ್ತಾರಂತೆ ಎಂದು. ನಾನು ಸಿಟ್ಟಿನಿಂದ ಅದನ್ನು ಹೇಳಿದಾಗ ಅವರು ಮೀನಿನ ಮುಳ್ಳು ಬಿಡಿಸುತ್ತಲೇ, "ಹೇಳಲಿ. ನಾನು ಹೇಳಿಲ್ವಾ?" ಎಂದರು. ಬೇಸಿಗೆ ಕಳೆಯುವ ಹೊತ್ತಿಗೆ ಒಬ್ಬೊಬ್ಬರಾಗಿ ಜನ ಬಂದರು. ಹೋಟೆಲು ಉಳಿಯಿತು.

ಗಂಡ ನಿವೃತ್ತರಾದ ಮೇಲೆ ಬಾಯಮ್ಮ ಊರಿಗೆ ಹೋದರು. ಕೆಲವು ವರ್ಷಗಳ ನಂತರ ಅವರ ಮಗಳು ಫೋನ್ ಮಾಡಿ, "ಮಮ್ಮಿ ಹೋದ್ರು ಆಂಟಿ," ಎಂದಳು. ಅಷ್ಟರಲ್ಲಿ ಹಳೆಯ ಕಟ್ಟಡ ಕೆಡವಿದ್ದರಿಂದ ಹೋಟೆಲು ಬೇರೆ ಬೀದಿಗೆ ಹೋಗಿತ್ತು. ಹುಡುಕಿಕೊಂಡು ಹೋಗಿ ಅಡುಗೆಯಾಕೆಗೆ ತಿಳಿಸಿದೆ. ಆಕೆ ಸೌಟು ಕೆಳಗಿಟ್ಟರು.

"ಅವತ್ತ್, ತಪ್ಪ್ ಒಪ್ಪೂಕ್ ಬಂದ್ ದಿನ, ನಂಗೆ ಎಷ್ಟ್ ಸಿಟ್ಟ್ ಬಂದಿತ್ತ್ ಅಂದ್ರೆ, ಅವರ ಸಾರಿಗೆ ಬೇಕಂತ್ಲೇ ಮುಷ್ಟಿ ಉಪ್ಪ್ ಹಾಕಿದ್ದೆ. ಬಾಯಿಗ್ ಇಡೂಕ್ ಆತಿಲ್ಲೆ. ಒಂದ್ ಮಾತ್ ಆಡ್ದೆ ಪೂರಾ ಉಂಡ್ ಎದ್ರ್."

ನಾನು ಅವರ ಎದುರಿಗೇ ಕೂತಿದ್ದೆ. ನನ್ನ ಸಾರು ರುಚಿಯಾಗಿತ್ತು. ಅವರ ಮುಖದಲ್ಲಿ ನನಗೇನೂ ಕಾಣಿಸಿರಲಿಲ್ಲ. ದೋಹಾದ ಸುದ್ದಿಯನ್ನೆಲ್ಲ ಹೇಳಿದ ಬಾಯಮ್ಮ ಈ ಒಂದನ್ನು ನನಗೂ ಹೇಳಿರಲಿಲ್ಲ.