ಅಪ್ಪನ ಚೀಲಕ್ಕೆ ಹಾಕಿದ ಲಕೋಟೆ

ಅಮ್ಮ, ಅಪ್ಪ ನಿಜವಾಗಿಯೂ ನನ್ನ ಅಪ್ಪನೇ ಹೌದೋ ಅಲ್ಲವೋ ಎಂದು ತಿಳಿಯಲು ಆರು ವರ್ಷದ ಹಿಂದೆ ನಾನು ಡಿಎನ್‌ಎ ಪರೀಕ್ಷೆ ಮಾಡಿಸಿದೆ. ನಿನಗೆ ಹೇಳದೆ. ಅಪ್ಪನ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದ್ದು ಕಾಲೇಜಿನ ಪ್ರಾಜೆಕ್ಟಿಗೆ ಅಂದಿದ್ದೆನಲ್ಲ — ಸುಳ್ಳು. ಒಪ್ಪಿಗೆ ಪತ್ರದ ಮೇಲೆ ಅಪ್ಪನ ಸಹಿ ನಾನೇ ಹಾಕಿದೆ. ಅವತ್ತು ಅಪ್ಪನಿಗೆ ಬಾಯಿ ತೊಳೆಯಲು ಚೊಂಬಿನಲ್ಲಿ ನೀರು ತಂದುಕೊಟ್ಟವಳು ನೀನು.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಕೇಳುವವರನ್ನು ಮೆತ್ತಗೆ ಮಾಡಿ ಆಮೇಲೆ ವಿಷಯಕ್ಕೆ ಬರುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಗೊತ್ತಿರುವುದಕ್ಕೇ ನಿನ್ನ ಮುಂದೆ ಅದನ್ನು ಬಳಸುವುದಿಲ್ಲ.

ನನ್ನ ಹೆಮ್ಮೆಯಲ್ಲಿ ಅರ್ಧ ನೀನೇ ಬೆಳೆಸಿದ್ದು. ತುಮಕೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ನಿಂತೆ. ಸೋತದ್ದು ಒಂದೇ ಸಲ, ಅದೂ ಗಂಟಲು ಕಟ್ಟಿದ್ದಾಗ. ಗೆದ್ದ ಷೀಲ್ಡುಗಳನ್ನು ನೀನು ಟೀವಿಯ ಪಕ್ಕ ಸಾಲಾಗಿ ಇಟ್ಟು, ಹೆಬ್ಬೂರಿನ ನಮ್ಮ ಮನೆಗೆ ಯಾರು ಬಂದರೂ ಕಾಫಿಗೆ ಮೊದಲು ಅವನ್ನೇ ತೋರಿಸುತ್ತಿದ್ದೆ. "ನನ್ ಮಗಳ ಹತ್ರ ಮಾತಿಗೆ ನಿಲ್ಬೇಡಿ. ನಿಮ್ ಹೆಸರು ಹೇಳಿದ್ರೂ ಆಧಾರ ಏನು ಅಂತ ಕೇಳ್ತಾಳೆ," ಅನ್ನುತ್ತಿದ್ದೆ. ನಿಜವೇ. ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ.

ಚರ್ಚೆಯಲ್ಲಿ ಒಂದು ನಿಯಮವಿದೆ, ಅಮ್ಮ. ಎದುರಾಳಿ ಎತ್ತಿದ ಅಂಶಕ್ಕೆ ಉತ್ತರ ಕೊಡದೆ ಬಿಟ್ಟರೆ ಅದನ್ನು ಒಪ್ಪಿಕೊಂಡ ಹಾಗೆ. ತೀರ್ಪುಗಾರರು ಹಾಗೆಂದೇ ಬರೆದುಕೊಳ್ಳುತ್ತಾರೆ. ನಾನು ಎಷ್ಟೋ ಸ್ಪರ್ಧೆ ಗೆದ್ದದ್ದು ಈ ಒಂದು ನಿಯಮದಿಂದ.

ಅದೇ ನಿಯಮವನ್ನು ನಾನು ನಿನ್ನ ಮೇಲೆ ಹಾಕಿದೆ.

ಚೇಳೂರಿನ ಅತ್ತೆಯ ಮನೆಯಲ್ಲಿ ಅವರ ಮೊದಲ ಮೊಮ್ಮಗುವಿನ ನಾಮಕರಣ. ಅಪ್ಪನ ಅಕ್ಕ ಅವರು; ಅವರ ಮಾತನ್ನು ಯಾರೂ ತಡೆಯುವುದಿಲ್ಲ. ನೀನು ಹೋಳಿಗೆ ಬಡಿಸುತ್ತಿದ್ದೆ. ಅತ್ತೆ ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ಏನೇ ಬೆಕ್ಕಿನ ಕಣ್ಣಿನೋಳೆ, ನಮ್ ಕಡೆ ಯಾರ್ಗೂ ಇಲ್ದಿರೋ ಕಣ್ಣು ನಿಂಗ್ ಎಲ್ಲಿಂದ ಬಂತೇ?" ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು, "ಪಾಪ, ಅವ್ಳಿಗೇನ್ ಗೊತ್ತು. ಹೆತ್ತೋಳ್ನ ಕೇಳ್ಬೇಕು."

ಪಂಕ್ತಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನೀನು ಅತ್ತೆಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಮುಂದಿನ ಎಲೆಗೆ ಹೋದೆ.

ಆ ಮಾತು ಹೊಸದಲ್ಲ, ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಅವತ್ತು ನನಗೆ ಇಪ್ಪತ್ತೊಂದು, ಷೀಲ್ಡು ಗೆದ್ದ ವಾರ. ಅಮ್ಮ ಯಾಕೆ ಉತ್ತರ ಕೊಡಲಿಲ್ಲ ಎಂದು ತುಮಕೂರಿನ ಹಾಸ್ಟೆಲಿಗೆ ಹೋಗುವವರೆಗೂ ಬಸ್ಸಿನಲ್ಲಿ ಯೋಚಿಸಿದೆ. ಅಮೃತೂರಿನ ನಿನ್ನ ಅಜ್ಜಿಗೆ ಇಂಥದೇ ಕಣ್ಣಿತ್ತು ಎಂದು ನೀನೇ ಒಮ್ಮೆ ಹೇಳಿದ್ದೆ — ಆದರೆ ಅವರ ಫೋಟೋ ಇರುವುದು ಕಪ್ಪು ಬಿಳುಪಿನಲ್ಲಿ. ಕಪ್ಪು ಬಿಳುಪಿನ ಫೋಟೋ ಕಣ್ಣಿನ ಬಣ್ಣಕ್ಕೆ ಆಧಾರವಾಗುತ್ತದೆಯೇ? ನೋಡು, ಎಂಥ ಪ್ರಶ್ನೆ ಕೇಳಿಕೊಂಡೆ.

ಅತ್ತೆಯ ಬಾಯಿ ಮುಚ್ಚಿಸಲು ಪರೀಕ್ಷೆಯ ಕಿಟ್ ತರಿಸಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಮ್ಮನ ಪರವಾಗಿ ಸಾಕ್ಷ್ಯ ಒದಗಿಸುತ್ತಿದ್ದೇನೆ ಎಂದು. ಅದೂ ಸುಳ್ಳು. ಆ ಡಬ್ಬಿ ಒಡೆದಾಗ ನಾನು ನಿನ್ನ ಪಕ್ಷದಲ್ಲಿರಲಿಲ್ಲ, ಅಮ್ಮ. ಅತ್ತೆಯ ಪಕ್ಷದಲ್ಲಿದ್ದೆ.

ಕಡ್ಡಿ ಆಡಿಸುವ ಮೊದಲು ಒಂದು ಗಂಟೆ ಏನೂ ತಿನ್ನಬಾರದು, ಅಗಿಯಬಾರದು ಎಂದು ಡಬ್ಬಿಯಲ್ಲಿ ಬರೆದಿತ್ತು. ಎಲೆ ಅಡಿಕೆ ಇಲ್ಲದೆ ಅಪ್ಪ ಒಂದು ಗಂಟೆ ಇದ್ದದ್ದನ್ನು ನಾವು ಯಾವತ್ತು ನೋಡಿದ್ದೆವು? ಆ ಭಾನುವಾರ ಬಾಯಿ ತೊಳೆದು, ಎಲೆಚೀಲ ಪಕ್ಕಕ್ಕಿಟ್ಟು, ಜಗಲಿಯ ಮೇಲೆ ಗಡಿಯಾರ ನೋಡುತ್ತ ಕೂತರು. ನಿನಗೆ ನಗು ತಡೆಯಲಾಗಲಿಲ್ಲ.

"ನೋಡು, ಮಗಳು ಹೇಳಿದ್ಲು ಅಂತ ಹೆಂಗ್ ಕೂತವ್ರೆ. ನಾನ್ ಹೇಳಿದ್ರೆ ಐದ್ ನಿಮಿಷ ಇರ್ತಿದ್ರಾ?"

"ನೀನು ಪ್ರಾಜೆಕ್ಟ್ ಮಾಡು, ಇರ್ತೀನಿ," ಅಂದರು ಅಪ್ಪ.

ಇನ್ನು ನನ್ನ ತಪ್ಪಿನೊಳಗಿನ ತಪ್ಪು. ನಮ್ಮ ಮನೆಯಲ್ಲಿ ಅಂಚೆಗೆ ಹಾಕುವ ಯಾವ ಕಾಗದವಾದರೂ ಅಪ್ಪನ ಚೀಲಕ್ಕೇ ಹೋಗಬೇಕು. ಹೆಬ್ಬೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮೂವತ್ತು ವರ್ಷ ಕಾಗದ ಹಂಚಿದ ಪೋಸ್ಟ್‌ಮ್ಯಾನ್ ಮನೆಯಲ್ಲಿ ಬೇರೆ ದಾರಿ ಯಾರಿಗೂ ಹೊಳೆಯುವುದೇ ಇಲ್ಲ. ಸೋಮವಾರ ಬೆಳಿಗ್ಗೆ ಅಪ್ಪ ಸೈಕಲ್ ತೆಗೆಯುತ್ತಿದ್ದರು. ಅಪ್ಪನ ಕಡ್ಡಿ, ನನ್ನ ಕಡ್ಡಿ ಎರಡನ್ನೂ ಹಾಕಿ ಅಂಟಿಸಿದ ಲಕೋಟೆಯನ್ನು ಅಭ್ಯಾಸಬಲದಿಂದ ಅವರ ಚೀಲಕ್ಕೆ ಹಾಕಿ ತುಮಕೂರಿನ ಬಸ್ ಹತ್ತಿದೆ. ಬಸ್ ಊರು ದಾಟಿದ ಮೇಲೆ ನೆನಪಾಯಿತು — ಲಕೋಟೆಯ ಮೇಲೆ ಲ್ಯಾಬಿನ ವಿಳಾಸ ಅಚ್ಚಾಗಿತ್ತು. ವಿಳಾಸದ ಮೊದಲ ಸಾಲೇ ಪಿತೃತ್ವ ಪರೀಕ್ಷಾ ವಿಭಾಗ. ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ.

ಮುಂದಿನ ವಾರ ಊರಿಗೆ ಬಂದಾಗ ಅಪ್ಪ ಜೇಬಿನಿಂದ ರಸೀತಿ ತೆಗೆದುಕೊಟ್ಟರು. "ರಿಜಿಸ್ಟರ್ ಮಾಡಿಸ್ದೆ. ಸಾದಾ ಹಾಕಿದ್ರೆ ಎಲ್ಲಾದ್ರೂ ತಪ್ಪೋದ್ರೆ ಕಷ್ಟ." ಅಷ್ಟೇ. ಅವರು ಓದಿಲ್ಲ ಎಂದೇ ನಾನು ನಂಬಿದೆ. ಆಧಾರವಿಲ್ಲದೆ ನಾನು ನಂಬಿದ ವಿಷಯ ಅದೊಂದೇ ಇರಬೇಕು.

ಫಲಿತಾಂಶ ಫೋನಿಗೆ ಬಂತು. ಅಪ್ಪ ನನ್ನ ಅಪ್ಪನೇ. ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ನಕ್ಕೆ, ಷೀಲ್ಡು ಗೆದ್ದ ಹಾಗೆ. ಕಾಗದಕ್ಕೆ ಇಳಿಸಿ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ. ಮರುವಾರ ಚೇಳೂರಿನಲ್ಲಿ ಅತ್ತೆಯ ಆ ಮೊಮ್ಮಗುವಿಗೆ ಕಿವಿ ಚುಚ್ಚುವ ಕಾರ್ಯ. ಅಲ್ಲಿ ಎಲ್ಲರೆದುರು ಅತ್ತೆಗೆ ಓದಿ ಹೇಳುವುದು ನನ್ನ ಯೋಜನೆ. ಕೆಲಸಕ್ಕೆ ಕೈಜೋಡಿಸಲು ನೀನು ಹಿಂದಿನ ದಿನವೇ ಹೋಗಿದ್ದೆ. ನಾನೂ ಅಪ್ಪನೂ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಚೇಳೂರಿನ ಬಸ್ಸಿಗೆ ಕಾಯುತ್ತಿದ್ದೆವು. ತಡೆಯಲಾರದೆ ಕಾಗದ ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಕೊನೆಯ ಹಾಳೆ ಒಪ್ಪಿಗೆ ಪತ್ರದ ಪ್ರತಿ.

"ಸಹಿ ಕೇಳಿದ್ರೆ ನಾನೇ ಹಾಕ್ಕೊಡ್ತಿದ್ನಲ್ಲವ್ವ," ಅಂದರು.

"ನಿಂಗೆ ಗೊತ್ತಿತ್ತಾ?"

"ವಿಳಾಸ ಓದ್ದೇ ಇರೋ ಪೋಸ್ಟ್‌ಮ್ಯಾನ್ ಇರ್ತಾನಾ?"

"ಗೊತ್ತಿದ್ದೂ ಕಳಿಸಿದ್ಯಾ?"

"ಚೀಲಕ್ಕೆ ಬಿದ್ದ ಕಾಗದ ಮುಟ್ಟಿಸೋದು ನನ್ ಕೆಲ್ಸ. ಒಂದ್ ಮಾತು ಕೇಳ್ತೀನಿ. ಇದು ಬೇರೆ ಥರ ಬಂದಿದ್ರೂ ನಾನು ಇವತ್ತು ನಿನ್ ಜೊತೆ ಇದೇ ಬಸ್ಸಿಗೆ ಕಾಯ್ತಿದ್ದೆ. ನೀನು?"

ಎಷ್ಟು ತೀರ್ಪುಗಾರರ ಎದುರು ಎಷ್ಟು ಮಾತಾಡಿದವಳು — ಬಸ್ ಬರುವವರೆಗೂ ನಿಂತೇ ಇದ್ದೆ. ಅಪ್ಪ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನಗೆ ವಾಪಸ್ ಕೊಟ್ಟರು. ಅತ್ತೆಯ ಎದುರು ಓದಬೇಡ ಎಂದೇನೂ ಹೇಳಲಿಲ್ಲ. ನಾನು ಓದಲಿಲ್ಲ.

ಆ ಸಂಜೆ ವಾಪಸ್ ಬರುವಾಗ ಬಸ್ಸಿನಲ್ಲಿ ನಿನ್ನನ್ನು ಕೇಳಿದೆ, ನೆನಪಿದೆಯಾ? ಅತ್ತೆಗೆ ನೀನು ಯಾಕೆ ಒಂದು ಸಲವೂ ಉತ್ತರ ಕೊಡಲ್ಲ ಎಂದು. ನೀನು ಕಿಟಕಿ ಸರಿಸುತ್ತ ಅಂದೆ, "ಅದ್ಕೆಲ್ಲ ಉತ್ತರ ಕೊಟ್ರೆ ಅದು ಪ್ರಶ್ನೆ ಆಗ್ಬಿಡುತ್ತೆ ಕಣೇ."

ನೀನು ಇಪ್ಪತ್ತೊಂದು ವರ್ಷ ಪ್ರಶ್ನೆಯಾಗಲು ಬಿಡದೆ ಇದ್ದುದನ್ನು ನಾನು ಹತ್ತಿಯ ಕಡ್ಡಿ ಹಿಡಿದು ಪ್ರಶ್ನೆ ಮಾಡಿದ್ದೆ. ಒಂದೇ ದಿನ, ಇಬ್ಬರೂ ಒಂದೊಂದು ವಾಕ್ಯದಲ್ಲಿ ನನ್ನನ್ನು ಸೋಲಿಸಿದಿರಿ. ನಾನು ಹುಟ್ಟಿದ್ದು ಇಂಥವರ ಮನೆಯಲ್ಲಿ ಎಂಬ ಹೆಮ್ಮೆಗೆ ಯಾವ ಲ್ಯಾಬಿನ ಕಾಗದವೂ ಬೇಕಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅಪ್ಪನೂ ಬಿಡಲಿಲ್ಲ, ಅವರಿಗೆ ಅದು ನನ್ನ ಹೆಸರಿಗೆ ಬಂದ ಕಾಗದ, ಒಡೆದು ತೋರಿಸಬೇಕಾದವಳು ನಾನು.

ಈಗ ಕುಣಿಗಲ್‌ನಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಆ ನಿಯಮವನ್ನೂ ಕಲಿಸುತ್ತೇನೆ. ಅದು ವೇದಿಕೆಯ ಮೇಲೆ ಮಾತ್ರ, ಕೆಳಗಿಳಿದ ಮೇಲೆ ಇಲ್ಲ ಎಂದು ಸೇರಿಸುತ್ತೇನೆ. ಪರೀಕ್ಷೆ ಕೆಟ್ಟದ್ದು ಎಂದು ಇವತ್ತಿಗೂ ಹೇಳಲಾರೆ. ಅದು ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿತು. ಕೇಳಿದವಳು ಕದ್ದುಮುಚ್ಚಿ ಕೇಳಿದಳು.

ಹೀಗೇ ಇದ್ದುಬಿಡುತ್ತಿದ್ದೆನೇನೋ. ಕಳೆದ ತಿಂಗಳು ಅತ್ತೆಯ ಕಿರಿಸೊಸೆಯ ಮಗುವಿಗೆ ಹೆಸರಿಟ್ಟರು. ಮನೆಯವರೆಲ್ಲ ಕೆಂಪು, ಮಗು ಕಪ್ಪು. ಅತ್ತೆ ತೊಟ್ಟಿಲಿಗೆ ಬಗ್ಗಿ, "ಇದ್ಯಾರ ಬಣ್ಣವೋ ಕಾಣೆನಪ್ಪ," ಅಂದರು. ಬಾಣಂತಿ ತಲೆ ತಗ್ಗಿಸಿದಳು. ನೀನು ಕೈಲಿದ್ದ ತಟ್ಟೆ ಕೆಳಗಿಟ್ಟೆ.

"ಅತ್ತಿಗೆ, ನನ್ ಮಗಳ ಕಣ್ಣಿನ ಮೇಲೆ ಇಷ್ಟ್ ವರ್ಷ ಮಾತಾಡಿದ್ರಿ, ಸುಮ್ನಿದ್ದೆ. ಈ ಮಗೀನ್ ತಂಟೆಗ್ ಬರ್ಬೇಡಿ. ಆಧಾರ ಇಲ್ದೆ ದೇವ್ರನ್ನೂ ನಂಬ್ದಿರೋ ಹುಡ್ಗಿ ನನ್ ಮಗಳು. ಅವಳೇ ಒಂದಿನಾನೂ ನನ್ನ ಅನುಮಾನದಿಂದ ನೋಡ್ಲಿಲ್ಲ. ನೀವ್ಯಾರು ನೋಡಕ್ಕೆ?"

ಅತ್ತೆ ಎದ್ದು ಒಳಗೆ ಹೋದರು. ಬಾಣಂತಿ ತಲೆ ಎತ್ತಿದಳು. ನಾನು ಕೇಳಿದ ಎಲ್ಲ ವಾದಗಳಲ್ಲಿ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ, ಅಮ್ಮ, ಎದೆ ಉಬ್ಬಿತು. ಆದರೆ ಅದು ನಿಂತಿದ್ದು ನನ್ನ ಮೇಲೆ. ನೀನು ಕರೆದ ಸಾಕ್ಷಿ ಸುಳ್ಳುಸಾಕ್ಷಿ. ಅಂಗಳದ ಆ ಕಡೆ ಕೂತಿದ್ದ ಅಪ್ಪ ಒಮ್ಮೆ ನನ್ನತ್ತ ನೋಡಿ, ಎಲೆಗೆ ಸುಣ್ಣ ಸವರತೊಡಗಿದರು.

ಅದಕ್ಕೇ ಬರೆದೆ. ವರದಿಯನ್ನು ಇದರ ಜೊತೆ ಇಡುತ್ತಿಲ್ಲ. ಕೇಳಿದರೆ ಕೊಡುತ್ತೇನೆ, ನೀನು ಕೇಳುವವಳಲ್ಲ. ಭಾನುವಾರ ಊರಿಗೆ ಬಂದು ಈ ಕಾಗದವನ್ನು ಅಪ್ಪನ ಕೈಗೆ ಕೊಡುತ್ತೇನೆ. ನಿವೃತ್ತಿಯಾದರೂ ನಮ್ಮ ಮನೆಯ ಕಾಗದ ಮುಟ್ಟಿಸುವವರು ಅವರೇ ತಾನೆ. ಈ ಸಲ ಲಕೋಟೆ ಅಂಟಿಸಿಲ್ಲ.

ಓದಿದ ಮೇಲೆ ನೀನು ಬೈಯಬಹುದು. ಏನೂ ಅನ್ನದೆ ನನ್ನ ತಟ್ಟೆಗೆ ಮುದ್ದೆ ಹಾಕಿ ಒಳಗೆ ಹೋಗಲೂಬಹುದು — ನಿನ್ನ ಅಭ್ಯಾಸ ಗೊತ್ತು. ನೀನು ಸುಮ್ಮನಿದ್ದರೆ, ಅಮ್ಮ, ಕ್ಷಮಿಸಿದೆ ಎಂದು ನಾನು ಬರೆದುಕೊಳ್ಳುವುದಿಲ್ಲ.