ಚಪ್ಪಲಿ ಡಬ್ಬಿಯ ಕಾಬಾ

ಎರಡು ವರ್ಷದ ಹಿಂದಿನ ಮಾತು. ಬಕ್ರೀದ್ ಹತ್ತಿರ ಬಂದಿತ್ತು. ನಾನು ಬೆಳಗಾವಿಯ ನೆಹರು ನಗರದವಳು. ಪ್ರತಿ ಭಾನುವಾರ ಬಸ್ ಹಿಡಿದು ಖಾನಾಪುರದ ಖಾಲಾ, ಅಂದರೆ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿ, ಅಲ್ಲಿನ ಹತ್ತು ಹನ್ನೆರಡು ಮಕ್ಕಳಿಗೆ ದೀನಿ ಪಾಠ, ಎಂದರೆ ಧರ್ಮದ ಪಾಠ ಹೇಳಿಕೊಡುತ್ತೇನೆ. ಬರೀ ಬಾಯಿಪಾಠ ಮಾಡಿಸಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಬಣ್ಣದ ಕಾಗದ, ಕತ್ತರಿ, ಅಂಟು ಹೊತ್ತುಕೊಂಡೇ ಹೋಗುತ್ತೇನೆ. ನನ್ನದು ಬಲು ಅಚ್ಚುಕಟ್ಟು. ಮಕ್ಕಳು ಚೂರು ಸೊಟ್ಟಗೆ ಅಂಟಿಸಿದರೂ ಕಿತ್ತು ಮತ್ತೆ ಅಂಟಿಸುವವಳು ನಾನು.

ಆ ವಾರ ಹಜ್ ಯಾತ್ರೆಯ ಪಾಠವಿತ್ತು. ಮನೆಯಿಂದ ಒಂದೊಂದು ಖಾಲಿ ಡಬ್ಬಿ ತನ್ನಿ, ಕಪ್ಪು ಕಾಗದ ಸುತ್ತಿ, ಬಂಗಾರದ ಬಣ್ಣದ ಪಟ್ಟಿ ಅಂಟಿಸಿ ಮೆಕ್ಕಾದ ಪವಿತ್ರ ಕಟ್ಟಡ ಕಾಬಾ ಮಾಡೋಣ ಎಂದಿದ್ದೆ. ಯಾರೋ ಮಿಠಾಯಿ ಡಬ್ಬಿ ತಂದರು, ಯಾರೋ ಚಹಾಪುಡಿಯದು. ಒಂಬತ್ತು ವರ್ಷದ ರುಖ್ಸಾನಾ ತಂದದ್ದು ಚಪ್ಪಲಿ ಡಬ್ಬಿ.

"ಚಪ್ಪಲಿ ಡಬ್ಬ್ಯಾಗ ಕಾಬಾ ಮಾಡ್ತಾರೇನ? ಹೊರಗ ಇಟ್ಟ ಬಾ," ಎಂದುಬಿಟ್ಟೆ.

ಮಕ್ಕಳೆಲ್ಲ ನಕ್ಕರು. ಅವಳು ಅದನ್ನು ಬಾಗಿಲಾಚೆ, ಎಲ್ಲರೂ ಚಪ್ಪಲಿ ಬಿಟ್ಟ ಕಡೆ ಇಟ್ಟು ಬಂದು ಕೂತಳು. ಬೇರೆ ಡಬ್ಬಿ ಕೊಟ್ಟರೆ ಮುಟ್ಟಲಿಲ್ಲ. ಮುಂದಿನ ಭಾನುವಾರ ಪಾಠಕ್ಕೆ ಬರಲೂ ಇಲ್ಲ.

"ಅಕಿ ಅಪ್ಪಂದು ಬಸ್ ಸ್ಟ್ಯಾಂಡ್ ಬಾಜೂಕ ಚಪ್ಪಲಿ ಅಂಗಡಿ ಐತಿ. ನಿನಗ ಗೊತ್ತಿರಲಿಲ್ಲೇನ?" ಎಂದರು ಖಾಲಾ.

ಗೊತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಗೆ ಹೋದೆ. ನಿಜ ಹೇಳುತ್ತೇನೆ, ಕ್ಷಮೆ ಕೇಳಲು ಹೋಗಿರಲಿಲ್ಲ. ಪವಿತ್ರವಾದದ್ದಕ್ಕೆ ಹೇಗೆ ಮರ್ಯಾದೆ ಕೊಡಬೇಕೆಂದು ತಿಳಿಹೇಳಲು ಮಾತು ಜೋಡಿಸಿಕೊಂಡೇ ಹೋಗಿದ್ದೆ.

"ಬರ್ರಿ ಆಪಾ, ಕುಂದರ್ರಿ," ಎಂದು ಅವಳಪ್ಪ ಸ್ಟೂಲು ಒರೆಸಿ ಕೊಟ್ಟರು. ಮಕ್ಕಳಂತೆ ಅವರೂ ನನ್ನನ್ನು ಆಪಾ, ಅಂದರೆ ಅಕ್ಕ ಎನ್ನುತ್ತಾರೆ. ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು. ಅವರು ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿದರು. ಅದೂ ಚಪ್ಪಲಿ ಡಬ್ಬಿಯೇ. ಒಳಗೆ ಬಿಳಿ ಬಟ್ಟೆ ಹಾಸಿ ನಮಾಜಿನ ಟೋಪಿ, ಜಪಮಾಲೆ ಇಟ್ಟಿದ್ದರು. ನಾನು ಆ ಡಬ್ಬಿಯನ್ನೇ ನೋಡುತ್ತ ಕೂತೆ.

"ನಮ್ಮ ಮನ್ಯಾಗ ಬ್ಯಾರೆ ಡಬ್ಬಿ ಎಲ್ಲಿಂದ ಬರಬೇಕ್ರಿ? ಇದ್ದುದರಾಗ ಹೊಸಾದ್ದು ಆರಿಸಿ, ಒರೆಸಿ ಒಯ್ದಿದ್ಲು," ಎಂದರು ಟೋಪಿ ಹಾಕಿಕೊಳ್ಳುತ್ತ. "ಅದ ಇರ್ಲಿ ಬಿಡ್ರಿ. 'ಅಬ್ಬಾ, ನಮ್ಮ ಅಂಗಡಿ ಹೊಲಸೇನ?' ಅಂತ ನನ್ನ ಕೇಳ್ತಾಳ. ನಾ ಏನ್ ಹೇಳ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ತಪ್ಪು ನಂದ್ರಿ. ಅಕಿಗೆ ನಾನ ಹೇಳ್ತೀನಿ. ಅದ ಡಬ್ಬಿ ಕೊಟ್ಟ ಕಳಸ್ರಿ," ಎಂದೆ.

ಮುಂದಿನ ಭಾನುವಾರ ರುಖ್ಸಾನಾ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಳು. ಒಳಗೆ ಕರೆತಂದು ಎಲ್ಲ ಮಕ್ಕಳೆದುರು ಹೇಳಿದೆ: "ನಿಮ್ಮ ಅಬ್ಬಾನ ಅಂಗಡಿ ಹೊಲಸಲ್ಲ, ಬೇಟಾ. ಹಲಾಲ್ ದುಡಿಮಿ, ನಿಯತ್ತಿನ ದುಡಿಮಿ ಅದು. ನಾ ತಿಳೀದ ಅಂದೆ." ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು ನನಗೆ ರೂಢಿಯಿಲ್ಲ.

ಅವಳು ಕೂತು ಕಪ್ಪು ಕಾಗದ ಸುತ್ತಿದಳು. ಬಂಗಾರದ ಪಟ್ಟಿಯನ್ನು ಮೂರು ಬದಿಗೆ ತಾನೇ ಅಂಟಿಸಿದಳು. ನಾಲ್ಕನೆಯ ಬದಿ ಬಂದಾಗ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, "ಇದ ನೀವ್ ಅಂಟಸ್ರಿ, ಆಪಾ," ಎಂದಳು.

ಆ ಕಾಬಾ ಈಗ ಅವರ ಅಂಗಡಿಯಲ್ಲಿ, ಮೇಲಿನ ಹಲಗೆಯ ಮೇಲೆ ಟೋಪಿಯ ಡಬ್ಬಿಯ ಪಕ್ಕದಲ್ಲಿದೆ. ಬಸ್ ಇಳಿದಾಗಲೆಲ್ಲ ಇಣುಕಿ ನೋಡುತ್ತೇನೆ. ನಾನು ಅಂಟಿಸಿದ ಬದಿ ಸೊಟ್ಟಗಿದೆ. ಅದನ್ನು ಕಿತ್ತು ಸರಿ ಮಾಡಬೇಕೆಂದು ಮಾತ್ರ ನನಗೆ ಇವತ್ತಿಗೂ ಅನ್ನಿಸಿಲ್ಲ.