ಗೋಡೆಯ ಮೇಲಿನ ಹೆಣ್ಣು ಗಿಳಿ

ಪಾರ್ಕಿನ ಮಾಲಿ ತಾತನ ಬಲಗಿವಿಯ ಅಂಚಿನಲ್ಲಿ ಹುಣಸೆ ಬೀಜದಷ್ಟು ಚೂರು ಇರಲಿಲ್ಲ. "ನನಗೆ ಕಿವಿ ಚುಚ್ಚಿದ್ದು ಆಚಾರಿ ಅಲ್ಲಮ್ಮ, ಗಿಳಿ," ಎಂದು ನಗುತ್ತಿದ್ದರು. ನಗುವಾಗಲೂ ಕೈ ಮಣ್ಣಿನಲ್ಲೇ ಇರುತ್ತಿತ್ತು.

ಅರವತ್ತರ ದಶಕದ ಆರಂಭ. ನಾನು ಚಿಂತಾಮಣಿಯ ಹೆಣ್ಣುಮಕ್ಕಳ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದು ಆರು ತಿಂಗಳಾಗಿತ್ತು. ನನ್ನವರು ಎನ್ನುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಭಾನುವಾರ ಬಂತೆಂದರೆ ಬಾಡಿಗೆ ಕೋಣೆಯಲ್ಲಿ ಮಾತಿಗೂ ಬರ. ಹಾಗಾಗಿ ಹಕ್ಕಿಮನೆಯ ಹಿಂಗೋಡೆಗೆ ಚಿತ್ರ ಬರೆಯಲು ಪಾರ್ಕಿನವರು ಕರೆದಾಗ ಕುಣಿದುಕೊಂಡು ಹೋದೆ.

ಅಷ್ಟು ದೊಡ್ಡ ಹಕ್ಕಿಮನೆಯಲ್ಲಿ ಇದ್ದದ್ದು ಜೋಡಿ ಸತ್ತು ಉಳಿದ ಒಂದೇ ಗಂಡು ಗಿಳಿ. ಮೂಲೆಯಲ್ಲಿ ಕೂತು ತನ್ನ ಎದೆಯ ಪುಕ್ಕ ತಾನೇ ಕಿತ್ತುಕೊಳ್ಳುತ್ತಿತ್ತು. "ಬಯಲಲ್ಲಿದ್ದೀನಿ ಅನ್ನಿಸಿದ್ರೆ ಬದುಕ್ಕೊಳ್ಳುತ್ತೆ," ಎಂದು ತಾತ ಸಿಮೆಂಟು ನೆಲ ಅಗೆದು ಹೊಂಗೆ, ಸೀಬೆ ನೆಟ್ಟರು. ಅಂಬಾಜಿದುರ್ಗದಿಂದ ಎತ್ತಿನಗಾಡಿಯಲ್ಲಿ ಬಂಡೆಯೊಂದನ್ನು ತರಿಸಿ ಗೋಡೆಗೆ ಒತ್ತಿ ಇಟ್ಟರು. ಆ ಬಂಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನನ್ನ ಚಿತ್ರದ ಬೆಟ್ಟ ಶುರುವಾಗಬೇಕು. ಗಿಳಿ ಗೋಡೆ ಕೆರೆದು ತಿನ್ನುತ್ತದೆ, ಡಬ್ಬದ ಬಣ್ಣ ವಿಷ, ಕೂಡದು. ಸುಣ್ಣ, ಕೆಮ್ಮಣ್ಣು, ಇದ್ದಿಲು ಅಷ್ಟೇ. "ಇನ್ನೂ ಸ್ವಲ್ಪ ಮಬ್ಬು ಮಾಡಿ ಟೀಚರಮ್ಮ, ದೂರದ ಬೆಟ್ಟ ಅಷ್ಟೊಂದು ಮಿಂಚಲ್ಲ," ಎಂದು ನನ್ನ ಸರ್ಟಿಫಿಕೇಟಿನ ಮಾನ ತೆಗೆಯುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಹಾಳಾದ್ದು, ಅವರು ಹೇಳಿದ್ದೇ ಸರಿಯಿರುತ್ತಿತ್ತು.

ತಾತ ಸಸಿ ತರಲು ಗೌರಿಬಿದನೂರಿಗೆ ಹೋದಾಗ, ಬಂದವರು ಬೆರಗಾಗಲಿ ಎಂದು, ಸೊಪ್ಪು ಅರೆದ ಹಸಿರಿನಲ್ಲಿ ಬೆಟ್ಟದ ಮೇಲೊಂದು ಹೆಣ್ಣು ಗಿಳಿ ಬರೆದೆ. ಜೀವ ಬಂದಂತಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ನೋಡುತ್ತೇನೆ, ಗಂಡು ಗಿಳಿ ಚಿತ್ರದ ಮುಂದೆ ಕೂತು, ನುಂಗಿದ ಕಾಳನ್ನು ಕಕ್ಕಿ ಅದರ ಕೊಕ್ಕಿಗೆ ಒತ್ತುತ್ತಿದೆ. ಕಾಳು ಗೋಡೆಯಿಂದ ಜಾರಿ ಬಿತ್ತು. ಮತ್ತೆ ಒತ್ತಿತು. ಸಂಜೆಯವರೆಗೂ ಅದೇ. ಹೊಟ್ಟೆಗೆ ಒಂದು ಕಾಳೂ ಇಳಿಸಲಿಲ್ಲ.

ಮೂರನೆಯ ದಿನ ಬಂದ ತಾತ ಬೈಯಲಿಲ್ಲ. ಸುಣ್ಣದ ಗಡಿಗೆ ತಂದು ನನ್ನ ಮುಂದಿಟ್ಟರು.

"ಬಳಿದುಬಿಡಿ ಕಣಮ್ಮ. ನಮ್ಮನೆಯೋಳು ಹೋದ್ಮೇಲೆ ನಾನೂ ಫೋಟೋ ಹಾಕ್ಕೊಂಡಿದ್ದೆ. ದಿನಾ ಮಾತಾಡಿಸ್ತಿದ್ದೆ. ಆ ಕಡೆಯಿಂದ ಒಂದು ಮಾತಿಲ್ಲ. ಅನ್ನ ಸೇರ್ತಿರಲಿಲ್ಲ. ಪೆಟ್ಟಿಗೇಲಿ ಮುಚ್ಚಿಟ್ಟೆ, ಬದುಕ್ದೆ."

ಅಳುತ್ತಲೇ ಬಳಿದೆ. ಗಿಳಿ ಎರಡು ದಿನ ಆ ಜಾಗ ಹುಡುಕಿತು. ಆಮೇಲೆ ಸೀಬೆಯ ಚಿಗುರು ಕಡಿಯಿತು.

"ಭಾನುವಾರ ಬುತ್ತಿ ಇಲ್ಲಿಗೇ ತನ್ನಿ ಟೀಚರಮ್ಮ. ಒಬ್ಬರೇ ಗೋಡೆ ನೋಡ್ಕೊಂಡು ತಿನ್ಬೇಡಿ," ಎಂದರು ತಾತ. ನಾನು ಏನನ್ನೂ ಹೇಳಿಕೊಂಡಿರಲಿಲ್ಲ. ಅವರಿಗೆ ಹೇಗೆ ತಿಳಿಯಿತೋ! ನಾಲ್ಕು ವರ್ಷ, ಪ್ರತಿ ಭಾನುವಾರ, ಹೊಂಗೆಯ ನೆರಳಲ್ಲಿ ಇಬ್ಬರೂ ಬುತ್ತಿ ಬಿಚ್ಚಿದೆವು.

ಅವರು ತೀರಿಕೊಂಡಾಗ, ಅವರದೊಂದು ಚಿತ್ರ ಬರೆದುಕೊಡಿ ಎಂದು ಪಾರ್ಕಿನವರು ಕೇಳಿದರು. ಆ ಕಿವಿಯನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ. ಬರೆಯಲಿಲ್ಲ. ಬರೆದಿದ್ದರೆ ಪ್ರತಿ ಭಾನುವಾರ ಅದರ ಮುಂದೆಯೇ ಬುತ್ತಿ ಬಿಚ್ಚಿ ಕೂರುತ್ತಿದ್ದೆ.